ಸಿಹಿಮೂತ್ರದ ಮದ್ದು ಯಕೃತ್ತಿಗೂ ಸಲ್ಲುವುದೆ?

ಯಕೃತ್ತು ಕೆಟ್ಟಿತೆಂದೊಡನೆ ‘ಕುಡಿತದ ಫಲ’ ಎಂದು ಲೋಕ ತೀರ್ಪು ಕೊಟ್ಟುಬಿಡುತ್ತದೆ. ಹೆಂಡವನ್ನು ಮೂಸಿಯೂ ನೋಡದವನು ಎಷ್ಟು ಆಣೆಯಿಟ್ಟರೂ, ನೆರೆಹೊರೆಯವರಿರಲಿ, ಒಮ್ಮೊಮ್ಮೆ ವೈದ್ಯರೂ ನಂಬುತ್ತಿರಲಿಲ್ಲ. ಈ ನಿರಪರಾಧಿಗಳ ಪರವಾಗಿ ಬಲವಾದ ಸಾಕ್ಷ್ಯ ದೊರೆತದ್ದು 1980ರಲ್ಲಿ. ಅಮೆರಿಕದ ಮೇಯೋ ಕ್ಲಿನಿಕ್ಕಿನ ಡಾಕ್ಟರ್ ಯೂರ್ಗನ್ ಲುಡ್ವಿಗ್ ಮತ್ತು ಸಂಗಡಿಗರು 20 ಮಂದಿ ರೋಗಿಗಳನ್ನು ಪರಿಶೀಲಿಸಿ, ಕುಡಿತವಿಲ್ಲದೆಯೂ ಅದೇ ಬಗೆಯ ಕೇಡು ಸಂಭವಿಸುವುದೆಂದು ತೋರಿಸಿಕೊಟ್ಟರು. ಆ ರೋಗಿಗಳಲ್ಲಿ ಹೆಚ್ಚಿನವರು ಸ್ಥೂಲಕಾಯರು, ಸಿಹಿಮೂತ್ರರೋಗಿಗಳೂ ಅವರಲ್ಲಿದ್ದರು.

ಈ ಎರಡು ರೋಗಗಳು ದಾಯಾದಿಗಳು. ಇನ್ಸುಲಿನ್ನಿನ ಮಾತನ್ನು ದೇಹ ಸರಿಯಾಗಿ ಕೇಳದಾದಾಗ ರಕ್ತದಲ್ಲಿ ಸಕ್ಕರೆ ಏರುತ್ತದೆ. ಮೈಯಲ್ಲಿ ಶೇಖರವಾದ ಕೊಬ್ಬು ಕರಗಿ ಯಕೃತ್ತಿನ ಕಡೆಗೆ ಹರಿಯುತ್ತದೆ. ಮಿಕ್ಕ ಸಕ್ಕರೆಯನ್ನೂ ಯಕೃತ್ತು ಕೊಬ್ಬಾಗಿಸಿ ತನ್ನಲ್ಲೇ ತುಂಬಿಕೊಳ್ಳುತ್ತದೆ. ನೋವಿಲ್ಲ, ಜ್ವರವಿಲ್ಲ. ಆದರೆ ಕೆಲವರಲ್ಲಿ ಆ ಕೊಬ್ಬು ಉರಿಯೂತವನ್ನು ಹುಟ್ಟಿಸುತ್ತದೆ. ಉರಿಯೂತದಿಂದ ಕಲೆಗಟ್ಟುವುದು, ಕಲೆಯಿಂದ ಯಕೃತ್ತು ಗಡುಸಾಗುವುದು, ಒಮ್ಮೊಮ್ಮೆ ಕ್ಯಾನ್ಸರ್: ಹೀಗೆ ಹಲವು ವರ್ಷಗಳ ಮೌನ ಪಯಣ.

ಮೂಲ ಒಂದೇ ಆದಮೇಲೆ ಮದ್ದೂ ಒಂದೇ ಆಗಬಾರದೇಕೆ? ಪಯೋಗ್ಲಿಟಜೋನ್ ಎಂಬ ಸಿಹಿಮೂತ್ರದ ಗುಳಿಗೆಯನ್ನು ಸಿಹಿಮೂತ್ರವಿಲ್ಲದ 247 ಯಕೃತ್‌ರೋಗಿಗಳ ಪರೀಕ್ಷೆಯಲ್ಲಿ ಒರೆಗೆ ಹಚ್ಚಲಾಯಿತು. 2010ರಲ್ಲಿ ಫಲಿತಾಂಶ ಹೊರಬಿತ್ತು. 96 ವಾರಗಳ ಬಳಿಕ ಗುಳಿಗೆ ನುಂಗಿದವರಲ್ಲಿ ನೂರಕ್ಕೆ 34 ಮಂದಿ, ಹುಸಿಗುಳಿಗೆ ನುಂಗಿದವರಲ್ಲಿ 19 ಮಂದಿ ಸುಧಾರಿಸಿದ್ದರು. ಆದರೆ ಮೊದಲೇ ಗೊತ್ತುಮಾಡಿದ್ದ ಕಟ್ಟುನಿಟ್ಟಿನ ಅಳತೆಗೆ ಈ ಅಂತರ ಸಾಲದಾಯಿತು. ಅದೇ ಪರೀಕ್ಷೆಯಲ್ಲಿ ವಿಟಮಿನ್ ‘ಇ’ ಪಡೆದವರಲ್ಲಿ 43 ಮಂದಿ ಸುಧಾರಿಸಿದ್ದರು! ಮೇಲಾಗಿ ಪಯೋಗ್ಲಿಟಜೋನ್ ಸೇವಿಸಿದವರ ತೂಕ ಏರಿತು. ಮೈಭಾರದೊಡನೆ ಬೆಳೆಯುವ ರೋಗಕ್ಕೆ ಮೈಭಾರ ಹೆಚ್ಚಿಸುವ ಮದ್ದನ್ನು ಒಪ್ಪುವುದು ಸುಲಭವೆ?

ಅನಂತರ ಬಂದದ್ದು ಬೇರೆ ಕುಲದ ಮದ್ದು. ಉಂಡಾಗ ಕರುಳಿನಲ್ಲಿ ಹುಟ್ಟುವ ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಅನುಕರಿಸಿ, ಸಕ್ಕರೆಯನ್ನು ಇಳಿಸಿ, ಹಸಿವನ್ನೂ ತಗ್ಗಿಸುವಂಥದು. ಈ ಕುಲದ ಮೊದಲ ಮದ್ದಿಗೆ ದಾರಿ ತೋರಿದ್ದು ಗಿಲಾ ಎಂಬ ಅಮೆರಿಕದ ವಿಷದ ಹಲ್ಲಿ ಎಂದರೆ ವಾಚಕರಿಗೆ ಸೋಜಿಗವಾದೀತು. ಇದೇ ಕುಲದ ಸೆಮಾಗ್ಲುಟೈಡನ್ನು 320 ಮಂದಿಯಲ್ಲಿ ಪರೀಕ್ಷಿಸಿದ ವರದಿ 2021ರಲ್ಲಿ ಪ್ರಕಟವಾಯಿತು. ಹೆಚ್ಚಿನ ಪ್ರಮಾಣ ಪಡೆದವರಲ್ಲಿ ನೂರಕ್ಕೆ 59 ಮಂದಿಯ ಉರಿಯೂತ ಶಮನವಾಗಿತ್ತು. ಹುಸಿಮದ್ದಿನವರಲ್ಲಿ 17 ಮಂದಿಯದು ಮಾತ್ರ. ಆದರೆ ಕಲೆ? ಅದರ ವಿಷಯದಲ್ಲಿ ಕಂಡ ಅಂತರ ಆಕಸ್ಮಿಕವಲ್ಲವೆನ್ನಲು ಆಧಾರ ಸಾಲದಾಯಿತು. ಮುಂದೆ ಪ್ರಾಣಕ್ಕೆ ಎರವಾಗುವುದು ಮುಖ್ಯವಾಗಿ ಕಲೆಯೇ.

ಇನ್ನೂ ದೊಡ್ಡ ಪರೀಕ್ಷೆ ನಡೆಯಿತು. ಮೊದಲ 800 ಮಂದಿಯ 72 ವಾರಗಳ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ಉರಿಯೂತ ಶಮನವಾದವರು ನೂರಕ್ಕೆ 62.9; ಹುಸಿಮದ್ದಿನಲ್ಲಿ 34.3. ಕಲೆ ತಗ್ಗಿದವರು 36.8; ಹುಸಿಮದ್ದಿನಲ್ಲಿ 22.4. ಅದೇ ವರ್ಷದ ಆಗಸ್ಟಿನಲ್ಲಿ ಅಮೆರಿಕದ ಔಷಧ ನಿಯಂತ್ರಕರು, ಯಕೃತ್ತು ಇನ್ನೂ ಪೂರ್ತಿ ಗಡುಸಾಗದೆ ಕಲೆ ಮಾತ್ರ ಬಲಿತಿರುವ ರೋಗಿಗಳಿಗೆಂದು ಷರತ್ತಿನ ಅನುಮತಿ ಕೊಟ್ಟರು.

ಹುಸಿಮದ್ದಿನ ಅಂಕಿಯನ್ನು ಇನ್ನೊಮ್ಮೆ ನೋಡಬೇಕು. ಮದ್ದೇ ಇಲ್ಲದೆ ಮೂವರಲ್ಲಿ ಒಬ್ಬರು ಸುಧಾರಿಸಿದರು! ಪರೀಕ್ಷೆಗೆ ಸೇರಿದವರು ಊಟದಲ್ಲಿ ಹಿತಮಿತವನ್ನು ಕಲಿತಿರಬಹುದು. ಸೂಜಿ ಬೇರೆ ಜಾಗವನ್ನು ಮುಟ್ಟಿರಲೂಬಹುದು. ಒಂದಗುಳು ಹಿಸುಕಿ ಅನ್ನ ಬೆಂದಿತೇ ಎಂದು ಹೇಳುವುದುಂಟು. ಆದರೆ ಸೂಜಿ ತೆಗೆಯುವ ತುಣುಕು ಯಕೃತ್ತಿನ ಸುಮಾರು 50,000ದಲ್ಲಿ ಒಂದಂಶ ಮಾತ್ರ. ಇಡೀ ಯಕೃತ್ತು ಒಂದೇ ಹದದಲ್ಲಿ ಬೆಂದಿರುವುದಿಲ್ಲ. ಹುಸಿಮದ್ದಿನ ಪಂಗಡ ಇಲ್ಲದಿದ್ದರೆ ಈ ಕೀರ್ತಿಯೆಲ್ಲ ಮದ್ದಿನ ಪಾಲಾಗುತ್ತಿತ್ತು.

ಮದ್ದು ಆಯುಸ್ಸನ್ನು ಬೆಳೆಸುವುದೆ ಎಂಬುದು ಕಡೆಯ ಪ್ರಶ್ನೆ. ಅದಕ್ಕೆಂದೇ ಈ ಪರೀಕ್ಷೆಯನ್ನು 240 ವಾರಗಳಿಗೆ ಗೊತ್ತುಮಾಡಿದೆ. ತನ್ನ ಪಾಲಿಗೆ ಬಂದದ್ದು ಮದ್ದೋ ಹುಸಿಮದ್ದೋ ಅರಿಯದೆ, ಓಕರಿಕೆಯನ್ನೂ ಸೂಜಿಯ ಇರಿತವನ್ನೂ ಸಹಿಸಿಕೊಳ್ಳುವ ರೋಗಿಯ ಹೆಸರು ಯಾವ ವರದಿಯಲ್ಲೂ ಅಚ್ಚಾಗುವುದಿಲ್ಲ. ನಾಳೆ ಗುಣ ಹೊಂದುವವರು ಮಾತ್ರ ಆತನಿಗೆ ಋಣಿಗಳು.