ಹೊನ್ನಾವರದ ಮೌನ

ಮಿತ್ರರು ನಾಲ್ವರು ಕೂಡಿ ವಾಹನವನ್ನೇರಿ ಕರಾವಳಿಯ ಹೆದ್ದಾರಿಯಲ್ಲಿ ವಿಹಾರ ಹೊರಡುವುದು ಇಂದು ಸರ್ವಸಾಮಾನ್ಯವಾಗಿದೆ. ಮಂಗಳೂರಿನಿಂದ ಉತ್ತರಕ್ಕೆ ಹೊರಟವರಿಗೆ ಎಡಗಡೆ ಕಡಲು, ಬಲಗಡೆ ಸಹ್ಯಾದ್ರಿಯ ಶ್ರೇಣಿ; ನಡುನಡುವೆ ಹೊಳೆಗಳು. ಇವರಲ್ಲಿ ಬಹುಮಂದಿಗೆ ಮುರುಡೇಶ್ವರಕ್ಕೂ ಗೋಕರ್ಣಕ್ಕೂ ನಡುವೆ ಇರುವ ಹೊನ್ನಾವರವೆಂದರೆ ಶರಾವತಿಯ ಮೇಲಿನ ಒಂದು ಸೇತುವೆ, ಅಷ್ಟೆ. ಪಕ್ಕದಲ್ಲಿ ಎರಡು ಕಿಲೋಮೀಟರಿಗೂ ಉದ್ದವಾದ ಕೊಂಕಣ ರೈಲ್ವೆಯ ಸೇತುವೆಯನ್ನು ಕಂಡು ಬೆರಗಾಗಿ, ಮಧ್ಯಾಹ್ನದ ಬಿಸಿಲಿನಲ್ಲಿ ಮಲಗಿದಂತಿರುವ ಪಟ್ಟಣದತ್ತ ನೋಡಿ, "ಇಲ್ಲಿ ಏನೂ ಇಲ್ಲ" ಎಂದು ತೀರ್ಪಿತ್ತು ಮುಂದೆ ಸಾಗುತ್ತಾರೆ. ಇದು ಅವಸರದ ತೀರ್ಪು.

ಊರು ನಿದ್ರಿಸುತ್ತಿರುವುದು ನಿಜವೇ ಇರಬಹುದು. ಆದರೆ ಅದು ರಾತ್ರಿಯೆಲ್ಲ ದುಡಿದವರ ನಿದ್ರೆ. ನಸುಕಿನಲ್ಲಿ ನದಿಯ ದಕ್ಷಿಣ ದಡದ ಕಾಸರಕೋಡಿನಲ್ಲಿ ನಿಂತವರಿಗೆ ಬೇರೊಂದು ಊರೇ ಕಾಣುತ್ತದೆ. ಅಳಿವೆಯನ್ನು ದಾಟಿ ಬರುವ ದೋಣಿಗಳು, ಮೀನಿನ ಬುಟ್ಟಿಗಳು, ಹರಾಜಿನ ಕೂಗು, ಮಂಜುಗಡ್ಡೆ ಒಡೆಯುವ ಸದ್ದು! ಬಿಸಿಲೇರುವ ಹೊತ್ತಿಗೆ ಸಡಗರವೆಲ್ಲ ತಗ್ಗಿ, ದಡದಲ್ಲಿ ಬಲೆಗಳು ಒಣಗುತ್ತಿರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನುಗಳ ಸಂತಾನ ಬೆಳೆಯಬೇಕಾದ ಆ ಕಾಲದಲ್ಲಿ ಇಲ್ಲಿನ ಮೌನಕ್ಕೆ ಸಂಯಮವೆಂಬ ಹೆಸರೇ ತಕ್ಕುದು.

ಈ ಊರು ಎಂದೂ ಹೀಗೆಯೇ ಇತ್ತೆಂದು ಭಾವಿಸಲಾಗದು. ಗೇರುಸೊಪ್ಪೆಯ ಸೀಮೆಯ ಕರಿಮೆಣಸು ಶರಾವತಿಯ ಗುಂಟ ಇಳಿದು ಇಲ್ಲಿಂದಲೇ ಹಡಗೇರುತ್ತಿತ್ತು. 1505ರಲ್ಲಿ ಪೋರ್ಚುಗೀಸರ ಅಲ್ಮೇಡನು ಇಲ್ಲಿನ ಹಡಗುಗಳನ್ನು ಸುಟ್ಟನು. ಅದಕ್ಕೂ ಮೊದಲು, 14ನೆಯ ಶತಮಾನದಲ್ಲಿ, ಮೊರಾಕೊ ದೇಶದ ಇಬ್ನ್ ಬತೂತ ಇಲ್ಲಿಗೆ ಬಂದಿದ್ದನು. ಬಾಲಕಿಯರ 13 ಶಾಲೆಗಳನ್ನೂ ಬಾಲಕರ 23 ಶಾಲೆಗಳನ್ನೂ ಕಂಡುದಾಗಿ ಅವನು ತನ್ನ ಪ್ರವಾಸಕಥನದಲ್ಲಿ ಹೇಳಿದ್ದಾನೆ. ಹೆಣ್ಣುಮಕ್ಕಳ ಓದು ನಿನ್ನೆ ಮೊನ್ನೆಯದೆಂದು ತಿಳಿದವರು ಈ ಮಾತನ್ನು ಎರಡು ಬಾರಿ ಓದಬೇಕು. ಬತೂತನೂ ದಾರಿಹೋಕನೇ, ಆದರೆ ಅವನು ನಿಂತು ವಿಚಾರಿಸಿದನು.

ಒಂಟಿಯಾಗಿ ಬಂದವನು ದಾರಿ ಕೇಳಲಾದರೂ ಊರವರೊಡನೆ ಬಾಯಿ ಬಿಡಲೇಬೇಕು. ಮಿತ್ರರ ಗುಂಪಿಗೆ ಆ ಅಗತ್ಯವಿಲ್ಲ. ತಮ್ಮ ಹಾಡು, ತಮ್ಮ ಹರಟೆ, ತಮ್ಮ ತಿಂಡಿಯ ಪೊಟ್ಟಣಗಳೊಡನೆ ಅವರು ತಮ್ಮೂರನ್ನೇ ಹೊತ್ತು ತಂದಿರುತ್ತಾರೆ. ಹೋಗುವಾಗ ಪೊಟ್ಟಣಗಳನ್ನು ಮಾತ್ರ ಬಿಟ್ಟು ಹೋಗುತ್ತಾರೆ. ಗೆಳೆತನದ ಸಂಭ್ರಮವನ್ನು ಯಾರೂ ಹಳಿಯಬೇಕಾಗಿಲ್ಲ. ಅದರ ಗದ್ದಲದಲ್ಲಿ ಊರವರ ಮಾತು ಕೇಳಿಸದೆ ಹೋಗುವುದೇ ಅಪಾಯ. ಇಳಿತದ ವೇಳೆ ಅಳಿವೆಯಲ್ಲಿ ನದಿಯ ಓಟವೂ ಕಡಲಿನ ಸೆಳೆತವೂ ಒಂದಾಗುತ್ತವೆ. ಮೇಲೆ ನೋಡಿದರೆ ನೀರು ಶಾಂತ. "ಅಲ್ಲಿ ಇಳಿಯಬೇಡಿ" ಎನ್ನುವ ಮೀನುಗಾರನು ತನ್ನ ಆಯುಷ್ಯದ ಅನುಭವವನ್ನು ಎರಡು ಪದಗಳಲ್ಲಿ ಹೇಳುತ್ತಾನೆ. ಈ ಕರಾವಳಿಯಲ್ಲೇ, 2024ರ ಡಿಸೆಂಬರಿನಲ್ಲಿ, ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದ ಪಾಲಾದರು. ಅವರೂ ಗೆಳತಿಯರೊಡನೆ ನಗುತ್ತ ಬಂದವರೇ.

ಆದುದರಿಂದ ಹೊನ್ನಾವರದಲ್ಲಿ ಒಂದು ಹಗಲನ್ನಾದರೂ ಕಳೆಯುವ ಮಿತ್ರರು ವಾಹನವನ್ನು ದಡದಲ್ಲಿ ಬಿಟ್ಟು ದೋಣಿಯನ್ನೇರುವುದು ಲೇಸು. ಎಷ್ಟು ಹೊತ್ತಿಗೆ ಹೊರಡಬೇಕು, ಎಲ್ಲಿಯವರೆಗೆ ಹೋಗಬೇಕು ಎಂಬುದನ್ನು ಅಂಬಿಗನೇ ನಿರ್ಧರಿಸಲಿ. ಕಾಂಡ್ಲಾ ಗಿಡಗಳ ನಡುವಿನ ಕಿರುಗಾಲುವೆಗೆ ಬಂದಾಗ ಅವನು ಯಂತ್ರವನ್ನು ನಿಲ್ಲಿಸುತ್ತಾನೆ. ಆಗ ಬೇರುಗಳ ಸಂದಿನಲ್ಲಿ ನೀರು ಏರುವ ಸದ್ದು ಕೇಳಿಸುತ್ತದೆ.