ನೆಲ ಮುಚ್ಚಿದರೆ ಜಲವೆಲ್ಲಿ?

2022ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಮಹದೇವಪುರ, ವೈಟ್‌ಫೀಲ್ಡ್ ಸೀಮೆಗಳ ಬೀದಿಗಳೇ ಹೊಳೆಗಳಾಗಿ, ಉದ್ಯೋಗಸ್ಥರು ಟ್ರ್ಯಾಕ್ಟರುಗಳನ್ನೇರಿ ಕಛೇರಿಗಳಿಗೆ ಹೋಗಬೇಕಾಯಿತು. 2024ರ ಮಾರ್ಚಿಯಲ್ಲಿ ಅದೇ ಸೀಮೆಯ ಜನರು ಟ್ಯಾಂಕರಿನ ದಾರಿ ಕಾಯುತ್ತ ನಿಂತರು. ನಗರದ ಸುಮಾರು 14,000 ಕೊಳವೆ ಬಾವಿಗಳಲ್ಲಿ 6,900 ಬತ್ತಿವೆಯೆಂದು ಮುಖ್ಯಮಂತ್ರಿಗಳೇ ಆಗ ಹೇಳಿದರು. 2023ರಲ್ಲಿ ಮಳೆ ಕೈಕೊಟ್ಟಿತೆಂಬುದು ನಿಜ. ಆದರೆ ಅದಕ್ಕೆ ಹಿಂದಿನ ವರುಷ ಬೀದಿಯಲ್ಲಿ ಹರಿದುಹೋದ ನೀರಿನ ಒಂದಂಶವಾದರೂ ನೆಲದೊಳಕ್ಕೆ ಏಕೆ ಇಳಿಯಲಿಲ್ಲ?

ಉತ್ತರವು ನೆಲದ ಹೊದಿಕೆಯಲ್ಲಿದೆ. ಈ ಸೀಮೆಯ ಅಡಿಯಲ್ಲಿರುವುದು ಕಠಿನ ಶಿಲೆ. ಮೇಲಿನ ಕೆಮ್ಮಣ್ಣು ಮಳೆಯನ್ನು ಹೀರಿ, ಶಿಥಿಲ ಶಿಲೆಯ ಬಿರುಕುಗಳ ದಾರಿಯಾಗಿ ಮೆಲ್ಲಮೆಲ್ಲನೆ ಕೆಳಗಿಳಿಸಬೇಕು. ಉತ್ತ ರಾಗಿಯ ಹೊಲ, ಗೋಮಾಳ, ತೋಪು, ಕೆರೆಯಂಗಳ ಇವು ನೀರನ್ನು ತಡೆದು ಇಂಗುವುದಕ್ಕೆ ಅವಕಾಶ ಕೊಡುತ್ತವೆ. ಕಾಂಕ್ರೀಟಾದರೋ ಅದನ್ನು ಗಳಿಗೆಯೊಳಗೆ ಚರಂಡಿಗೆ ಒಪ್ಪಿಸುತ್ತದೆ. ಬೆಂಗಳೂರಿಗೆ ವರುಷಕ್ಕೆ ಸರಾಸರಿ 900 ಮಿಲಿಮೀಟರಿಗೆ ಮೇಲ್ಪಟ್ಟು ಮಳೆಯಾಗುತ್ತದೆ. ಎಂದರೆ ಎಕರೆಗೆ 36 ಲಕ್ಷ ಲೀಟರು. ಇಲೆಕ್ಟ್ರಾನಿಕ್ ಸಿಟಿಗೆ ಮೊದಲು ಕೊಟ್ಟ 332 ಎಕರೆಗಳ ಮೇಲೆಯೇ ಸುಮಾರು 120 ಕೋಟಿ ಲೀಟರು ಬೀಳುತ್ತದೆ. ಆಕಾಶವು ಕೃಪಣವಲ್ಲ.

ಹಳೆಯ ನಗರದ ಮಧ್ಯಭಾಗವೂ ಮುಚ್ಚಿದ ನೆಲವೇ, ಅಲ್ಲಿ ನೀರು ಇಷ್ಟು ಆಳಕ್ಕೆ ಹೋಗಿಲ್ಲವಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಅದಕ್ಕೂ ಕಾರಣವುಂಟು. ಅಲ್ಲಿ ಕಾವೇರಿಯ ಕೊಳವೆಗಳ ಸೋರಿಕೆಯೇ ನೆಲವನ್ನು ನೆನೆಸುತ್ತದೆ, ಬಾವಿಗಳಿಂದ ಎತ್ತುವ ನೀರೂ ಕಡಮೆ. ಹೊರವಲಯಕ್ಕೆ ಆ ಭಾಗ್ಯವಿರಲಿಲ್ಲ. ಅಲ್ಲಿ ಮೇಲಿನಿಂದ ಬಾಗಿಲು ಮುಚ್ಚಿತು, ಕೆಳಗಿನಿಂದ ಉಗ್ರಾಣ ಬರಿದಾಯಿತು.

2024ರ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತವು ಆರಂಭವಾಗಿ, ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರು ಒದಗಿಸುವ ಏರ್ಪಾಡಾಗಿರುವುದು ಸಂತೋಷದ ಸಂಗತಿ. ಆದರೆ ದೂರದ ನದಿಯನ್ನು ನೆಚ್ಚಿ ಕಾಲಕೆಳಗಿನ ನೀರನ್ನು ಮರೆಯುವುದು ವಿವೇಕವಲ್ಲ. ಮಳೆಕೊಯ್ಲಿನ ಕಾಯಿದೆ 2009ರಿಂದಲೂ ಇದೆ. ಅದು ಕಟ್ಟಡದ ನಿವೇಶನವನ್ನು ನೋಡುತ್ತದೆಯೇ ಹೊರತು ರಸ್ತೆಯನ್ನಲ್ಲ. ಪೀಣ್ಯದಂಥ ಕಡೆ ಇಂಗಿಸುವುದರಲ್ಲಿಯೂ ಎಚ್ಚರ ಬೇಕು. ಅಲ್ಲಿಯ ಅಂತರ್ಜಲಕ್ಕೆ ಕ್ರೋಮಿಯಮ್ಮಿನ ವಿಷ ತಗುಲಿರುವುದು ಪರೀಕ್ಷೆಗಳಿಂದ ತಿಳಿದ ವಿಷಯ. ಆದುದರಿಂದ ಛಾವಣಿಯ ಶುದ್ಧ ನೀರನ್ನು ಮಾತ್ರ ಇಂಗಿಸಬೇಕು, ಕಾರ್ಖಾನೆಯಂಗಳದ್ದನ್ನಲ್ಲ.

ಸರಕಾರದವರು ಎರಡು ಕಾರ್ಯಗಳನ್ನು ತಡಮಾಡದೆ ಕೈಕೊಳ್ಳಬೇಕು. ಬಡಾವಣೆಗೂ ಕಾರ್ಖಾನೆಗೂ ಅಪ್ಪಣೆ ಕೊಡುವಾಗ ಇಷ್ಟು ಮಣ್ಣು ತೆರೆದಿರಲೇಬೇಕೆಂದು ವಿಧಿಸಿ, ಕಟ್ಟಡ ಮುಗಿದ ಮೇಲೆ ಅಳೆದು ನೋಡತಕ್ಕದ್ದು. ಮುಂಗಾರಿಗೆ ಮೊದಲೂ ಹಿಂಗಾರಿನ ತರುವಾಯವೂ ಪ್ರತಿಯೊಂದು ವಾರ್ಡಿನ ಬಾವಿಗಳ ಮಟ್ಟವನ್ನು ಪ್ರಕಟಿಸತಕ್ಕದ್ದು. ಹಿಂದೆ ಹಳ್ಳಿಯ ನೀರಘಂಟಿಯು ಕೆರೆಯ ಲೆಕ್ಕವನ್ನು ಊರಿಗೆ ಒಪ್ಪಿಸುತ್ತಿದ್ದನು. ಅಷ್ಟು ಲೆಕ್ಕವನ್ನು ಈ ಮಹಾನಗರದ ಅಧಿಕಾರಿಗಳಿಂದ ಕೇಳುವ ಹಕ್ಕು ಪ್ರಜೆಗಳಿಗಿದೆ.