ಹಾರಾಟ ಒಂದು ಗಂಟೆ, ಪ್ರಯಾಣ ಐದೂವರೆ ಗಂಟೆ

ಹುಬ್ಬಳ್ಳಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಒಂದೇ ಗಂಟೆಯ ಹಾದಿ ಎಂದು ಸದಸ್ಯ ಬಾಂಧವರು ಆಗಾಗ ಹೇಳುವುದುಂಟು. ಮಾತು ಸುಳ್ಳಲ್ಲ, ಲೆಕ್ಕ ಮಾತ್ರ ಅಪೂರ್ಣ.

ಎರಡು ನಿಲ್ದಾಣಗಳ ನಡುವೆ ಆಕಾಶಮಾರ್ಗ ಸುಮಾರು 370 ಕಿ.ಮೀ. ರಸ್ತೆಯಲ್ಲಿ 410, ರೈಲಿನಲ್ಲಿ 470ರ ಸಮೀಪ. ವೇಳಾಪಟ್ಟಿ ತೋರಿಸುವ ಅವಧಿ ವಿಮಾನ ನಿಂತಲ್ಲಿಂದ ಕದಲಿ ಮತ್ತೆ ನಿಲ್ಲುವವರೆಗಿನದು; ಪ್ರಯಾಣಿಕನದಲ್ಲ.

ನವಲಗುಂದದವರನ್ನೇ ನೋಡೋಣ. ಎರೆಭೂಮಿಯಲ್ಲಿ ಕಡಲೆ, ಹತ್ತಿ ಬೆಳೆಯುವ ಅವರಿಗೂ ತೋಟಿಗರಾದ ನಮಗೂ ರಾಜಧಾನಿಯ ಕಚೇರಿ ಕೆಲಸ ತಪ್ಪಿದ್ದಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣ ಮುಟ್ಟಲು ಒಂದು ಗಂಟೆ, ಮುಂಚಿತ ಹಾಜರಿ, ತಪಾಸಣೆಗೆ ಒಂದೂವರೆ, ಹಾರಾಟಕ್ಕೆ ಒಂದೂಕಾಲು, 2008ರಲ್ಲಿ ದೇವನಹಳ್ಳಿಗೆ ಹೋದ ನಿಲ್ದಾಣದಿಂದ ಹೊರಬಿದ್ದು ನಗರದೊಳಗಿನ ಕಾಫಿ ಮಂಡಳಿಯ ಬಾಗಿಲು ಸೇರಲು ಒಂದೂಮುಕ್ಕಾಲು. ಒಟ್ಟು ಐದೂವರೆ ಗಂಟೆ.

2023ರ ಜೂನ್‌ನಲ್ಲಿ ಆರಂಭವಾದ ವಂದೇ ಭಾರತ್ ರೈಲು ಹುಬ್ಬಳ್ಳಿಯಿಂದ ಸುಮಾರು ಆರು ಗಂಟೆಯಲ್ಲಿ ಬೆಂಗಳೂರಿನ ನಡುಮಧ್ಯಕ್ಕೇ ಇಳಿಸುತ್ತದೆ. ಮನೆಯಿಂದ ಎಣಿಸಿದರೆ ಏಳೂವರೆ ಗಂಟೆ. ಐದು ಗಂಟೆಯೆಂದು ನಂಬಿದ್ದ ಉಳಿತಾಯ ಎರಡಕ್ಕೆ ಇಳಿಯಿತು!

ವಿಮಾನ ಬೇಡವೆಂಬುದು ನಮ್ಮ ವಾದವಲ್ಲ. ಆಸ್ಪತ್ರೆಗೆ ಓಡುವವನಿಗೆ ಆ ಎರಡು ಗಂಟೆಯೇ ಜೀವ. ಆದರೆ ಕಾಲ ಹಾಳಾಗುವುದು ಆಕಾಶದಲ್ಲಲ್ಲ, ನೆಲದ ಮೇಲೆ. ವಿಮಾನದ ವೇಳೆಗೆ ಹೊಂದುವ ಬಸ್ಸುಗಳು ನವಲಗುಂದದಿಂದ, ಯಲ್ಲಾಪುರದಿಂದ, ಶಿರಸಿಯಿಂದ ನೇರವಾಗಿ ನಿಲ್ದಾಣದ ಬಾಗಿಲಿಗೆ ಬರಬೇಕು. ಹೊಸ ವಿಮಾನಗಳನ್ನು ಕೇಳುವ ಮನವಿಗಳಲ್ಲಿ ಮೊದಲು ಈ ಸಾಲು ಸೇರಲಿ. ಸದಸ್ಯರೂ ಟಿಕೆಟ್ ಕೊಳ್ಳುವ ಮುನ್ನ ಗಡಿಯಾರವನ್ನು ತಮ್ಮ ಮನೆಯ ಹೊಸ್ತಿಲಿನಿಂದಲೇ ಎಣಿಸಲಿ.